ಟ್ಯಾಂಕಿನ ಮೇಲಿನ ಮೂರು ನಕ್ಷತ್ರ

ನಮ್ಮ ದೊಡ್ಡಮ್ಮ ಬೇಕರಿಯಲ್ಲಿ ಹಿಟ್ಟು ನಾದುವವರು. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಡಬೇಕು. ದೊಡ್ಡಪ್ಪ ಬಸ್ ಡ್ರೈವರ್, ಕಾಯಂ ಸಂಜೆ ಪಾಳಿ. ಅವರು ಕೊನೆಯ ಟ್ರಿಪ್ ಮುಗಿಸಿ ಬರುವಾಗ ಇವರು ಗೊರಕೆ ಹೊಡೆಯುತ್ತಿರುತ್ತಿದ್ದರು. ಇವರು ಚಪ್ಪಲಿ ಮೆಟ್ಟುವಾಗ ಅವರು ಕವುಚಿ ಮಲಗಿರುತ್ತಿದ್ದರು. ವಾರದ ರಜೆಯೂ ಬೇರೆ ಬೇರೆ ದಿನ. ಇಬ್ಬರೂ ಎದ್ದಿರುತ್ತಿದ್ದದ್ದು ಮಧ್ಯಾಹ್ನದ ಊಟಕ್ಕೆ ಮಾತ್ರ. ಆ ಹೊತ್ತನ್ನೂ ಜಗಳಕ್ಕೇ ಇಟ್ಟುಕೊಂಡಿದ್ದರು.

ಜಗಳ ಏನಪ್ಪಾ ಅಂದರೆ, ಸಾಲಾಗಿ ನಿಲ್ಲುವ ಆ ಮೂರು ನಕ್ಷತ್ರ. ಬೇಕರಿ ಹತ್ತಿರದ ಬಸ್ ಸ್ಟಾಪಿನ ಎದುರಿನ ನೀರಿನ ಟ್ಯಾಂಕಿನ ಮೇಲೆ ಅವು ಕಾಣುವುದು ಡಿಸೆಂಬರಿನಲ್ಲಿ ಅಂತ ದೊಡ್ಡಪ್ಪ. ಆಗಸ್ಟಿನಲ್ಲಿ ಅಂತ ದೊಡ್ಡಮ್ಮ.

"ನಿದ್ದೆಗಣ್ಣಲ್ಲಿ ಬೀದಿದೀಪ ನೋಡಿರ್ತೀಯ."

"ನೀವು ರಸ್ತೆ ನೋಡಿ ಬಸ್ ಓಡಿಸಿ, ಸಾಕು."

ಇಬ್ಬರದೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಿಜ ಹೇಳಬೇಕೆಂದರೆ ಇಬ್ಬರೂ ಸರಿ. ನಕ್ಷತ್ರಗಳು ದಿನಾ ಒಂದಿಷ್ಟು ಬೇಗ ಹುಟ್ಟುತ್ತವಂತೆ. ಆಗಸ್ಟಿನ ನಸುಕಿನಲ್ಲಿ ಟ್ಯಾಂಕಿನ ಮೇಲಿದ್ದವು ಡಿಸೆಂಬರಿಗೆ ಸಂಜೆ ಎಂಟಕ್ಕೇ ಅಲ್ಲಿರುತ್ತವೆ. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೊಂದು ದಿನ ದೊಡ್ಡಪ್ಪ, "ಈ ಆಗಸ್ಟಿಗೆ ರಜೆ ಹಾಕಿ ನಿನ್ನ ಜೊತೆ ಎದ್ದು ಬರ್ತೀನಿ. ಇದ್ರೆ ಸೋತೆ ಅಂತೀನಿ" ಅಂದರು. ದೊಡ್ಡಮ್ಮ ಅಂದಿನಿಂದ ಮಳೆ ಮೋಡದ ಚಿಂತೆ ಹಚ್ಚಿಕೊಂಡರು. ಕತ್ತಲಲ್ಲಿ ಗಂಡನ ಪಕ್ಕ ನಿಂತು ಆಕಾಶ ನೋಡಿದ್ದೇ ಇಲ್ಲ ಕಣೆ, ಅಂತ ನನ್ನ ಹತ್ತಿರ ಹೇಳಿಕೊಂಡಿದ್ದರು.

ಜುಲೈನಲ್ಲಿ, ಎದೆ ಹಿಡಿದಂತಾಗಿದೆ ಅಂತ ಡಿಪೋದ ಬೆಂಚಿನ ಮೇಲೆ ಕೂತ ದೊಡ್ಡಪ್ಪ ಮತ್ತೆ ಏಳಲಿಲ್ಲ.

ದೊಡ್ಡಮ್ಮ ಅಳಲಿಲ್ಲ. ವಾರ ಕಳೆಯುವ ಮೊದಲೇ ಕೆಲಸಕ್ಕೆ ಹೋದರು. ಕೇಳಿದ್ದಕ್ಕೆ ಉತ್ತರ, ಕೊಟ್ಟದ್ದೇ ಊಟ. ಆಗಸ್ಟಿನಲ್ಲಿ ಒಂದು ದಿನ, "ನಕ್ಷತ್ರ ಬಂದಿವೆ" ಅಂದರು, ಹಾಲಿನವನು ಬಂದ ಅನ್ನುವ ಹಾಗೆ.

ಹಿಟ್ಟು ನಾದಿ ನಾದಿ ಅವರ ತೋಳು ಸೋತಿತ್ತು, ತಟ್ಟೆ ಎತ್ತಿದರೂ ನಡುಗುತ್ತಿತ್ತು. ಅಮ್ಮ ಬೇಕರಿ ಯಜಮಾನರ ಕೈಕಾಲು ಹಿಡಿದು, ತನ್ನ ಅಕ್ಕನನ್ನು ಸಂಜೆಯ ಕೌಂಟರಿಗೆ ಹಾಕಿಸಿದಳು. ಕೂತು ಮಾಡುವ ಕೆಲಸ. ಎಲ್ಲರಿಗೂ ಸಮಾಧಾನವಾಯಿತು.

ಡಿಸೆಂಬರಿನಲ್ಲಿ ಒಂದು ಸಂಜೆ ಅವರನ್ನು ಕರೆತರಲು ಹೋಗಿದ್ದೆ. ಸ್ಟಾಪಿನಲ್ಲಿ ನಿಂತೆವು. ಟ್ಯಾಂಕಿನ ಮೇಲೆ ಮೂರೂ ಇದ್ದವು. ದೊಡ್ಡಪ್ಪನ ಬಸ್ಸೇ ಬಂತು, ಬೇರೆ ಡ್ರೈವರು. ದೊಡ್ಡಮ್ಮ ಹತ್ತಲಿಲ್ಲ.

"ಅವ್ರು ಹೇಳಿದ್ದೂ ನಿಜ ಕಣೆ," ಅಂದರು.

ಮನೆಯವರೆಗೂ ನಡೆದೇ ಬಂದೆವು. ಮಾರನೇ ದಿನ ಅವರೇ ಯಜಮಾನರ ಹತ್ತಿರ ಹೋಗಿ ಹಿಟ್ಟಿನ ಕೆಲಸವನ್ನೇ ವಾಪಸ್ ಕೇಳಿಕೊಂಡರು. ಅಮ್ಮ ರೇಗಿದಳು. "ತೋಳು ಬಿದ್ದುಹೋಗುತ್ತೆ ಅಕ್ಕ. ಯಾವ ಸುಖಕ್ಕೆ ಈ ಹಠ?"

ದೊಡ್ಡಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದರು. ದನಿಯಲ್ಲಿ ಏರಿಳಿತ ಇರಲಿಲ್ಲ.

"ಸಂಜೆ ಹೊತ್ತು ಅವ್ರು ಅಲ್ಲೇ ಆ ರಸ್ತೇಲಿ ಇರಬೇಕಿತ್ತು, ಇಲ್ಲ. ಬೆಳಗಿನ ಜಾವ ಆದ್ರೆ, ನಾನು ಹೊರಡೋವಾಗ ಅವ್ರು ಯಾವಾಗ್ಲೂ ಮಲಗಿರ್ತಿದ್ರು. ದೀಪ ಹಾಕದೆ ಹೊರಟುಬಿಟ್ರೆ ಆಯ್ತು."