ಕನ್ನಡಿಯಲ್ಲಿ ಕಂಡ ನಡಿಗೆಗಳು

ನಮ್ಮ ದೊಡ್ಡಪ್ಪ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ವಾದ್ಯವಿದ್ದದ್ದು ಬಾಗಿಲ ಮೇಲಿನ ಅಟ್ಟದಲ್ಲಿ. ನುಡಿಸುವಾಗ ಅವರ ಬೆನ್ನು ಜನರ ಕಡೆಗೆ. ಪಾದ್ರಿಗಳ ಸನ್ನೆ ಕಾಣಲೆಂದು ಎದುರಿಗೊಂದು ಕನ್ನಡಿ ತೂಗುಹಾಕಿದ್ದರು. ದೊಡ್ಡಪ್ಪ ಅದರಲ್ಲಿ ನೋಡುತ್ತಿದ್ದದ್ದು ಮಾತ್ರ ಬೆಂಚುಗಳ ನಡುವೆ ನಡೆದುಹೋಗುವವರ ಕಾಲುಗಳನ್ನು.

ಪ್ರಾರ್ಥನೆಗೆ ಮುಂಚೆ ಅವರು ಪುಸ್ತಕದಲ್ಲಿದ್ದುದನ್ನು ನುಡಿಸುತ್ತಲೇ ಇರಲಿಲ್ಲ. ಬೇಕರಿಯವನು ಹೊಟ್ಟೆ ಮುಂದೆ ಬಿಟ್ಟುಕೊಂಡು ಬಂದರೆ ಆರ್ಗನ್ನಿನ ದಪ್ಪ ಕೊಳವೆಗಳು ಬಾತುಕೋಳಿಯಂತೆ ಹೊಯ್ದಾಡುತ್ತಿದ್ದವು. ದಾದಿ ಓಡೋಡಿ ಬಂದರೆ ಸ್ವರಗಳೂ ಏದುಸಿರು ಬಿಡುತ್ತಿದ್ದವು. ಬಣ್ಣದ ಗಾಜಿನಿಂದ ಇಳಿದ ನೀಲಿ ಬೆಳಕಿನಲ್ಲಿ, ತಮ್ಮದೇ ನಡಿಗೆ ತಲೆಯ ಮೇಲೆ ತೇಲುವುದನ್ನು ಕೇಳುತ್ತ, ಜನ ಕನಸಿನಲ್ಲಿ ನಡೆದವರಂತೆ ಬಂದು ಕೂರುತ್ತಿದ್ದರು.

"ಜನ ದೇವರಿಗೋಸ್ಕರ ಬರ್ತಾರೋ, ತಮ್ಮ ಕಾಲಿನ ಹಾಡು ಕೇಳೋಕೆ ಬರ್ತಾರೋ?" ಎಂದು ಪಾದ್ರಿಗಳು ಒಮ್ಮೆ ಗದರಿದರು.

"ಹೇಗೋ ಬರ್ತಾರಲ್ಲ, ಫಾದರ್!" ಎಂದರು ದೊಡ್ಡಪ್ಪ.

ವಾರದ ದಿನ ಅವರು ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಸಂಜೆ ನಾವು ನಾಲ್ಕಾರು ಮಂದಿ ಅವರ ಮನೆಗೇ ಹೋಗಿ ಹಾರ್ಮೋನಿಯಂ ಕಲಿಯುತ್ತಿದ್ದೆವು. ಪುಸ್ತಕದ ಪಾಠ ಮುಗಿದರೆ ಅದನ್ನು ಮುಚ್ಚಿಸಿ, "ಈಗ ನಿನ್ನ ಮಾತು ನುಡಿಸು" ಎನ್ನುವರು. ತಪ್ಪು ಸ್ವರ ಬಿದ್ದು ನಾನು ಕೈ ಎಳೆದುಕೊಂಡರೆ, "ಓಡ್ಬೇಡ. ಕರೀದೆ ಬಂದ ನೆಂಟ ಅದು. ಕೂರಿಸಿ ಮಾತಾಡ್ಸು." ಪಕ್ಕದ ಕೋಣೆಯಲ್ಲಿ ದೊಡ್ಡಮ್ಮನ ಹೊಲಿಗೆ ಯಂತ್ರ ನಮಗೆಲ್ಲ ತಾಳ ಹಾಕುತ್ತಿತ್ತು.

ಆ ದೊಡ್ಡಮ್ಮ ಒಂದು ದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮೂಳೆ ಕೂಡಿತು, ಕಾಲೆಳೆತ ಉಳಿಯಿತು. ಕೈಗೆ ಕೋಲು ಬಂತು. ಚರ್ಚಿಗೆ ಹೋಗುವುದು ನಿಂತಿತು.

"ನನ್ನ ಕುಂಟು ಊರಿಗೆಲ್ಲ ಕೇಳ್ಸೋದೇನೂ ಬೇಡ" ಎಂದರು.

ಆ ಭಾನುವಾರದಿಂದ ದೊಡ್ಡಪ್ಪ, ಜನ ಬರುವ ಹೊತ್ತಿಗೆ ಕನ್ನಡಿಯತ್ತ ಕಣ್ಣೆತ್ತದೆ, ಪುಸ್ತಕದಲ್ಲಿದ್ದುದನ್ನೇ ನುಡಿಸತೊಡಗಿದರು. ಸಂಗೀತ ಸಪ್ಪೆಯಾಯಿತು. ಬೇಕರಿಯವನು ಬಾಗಿಲಿಂದ ಎರಡೆರಡು ಸಲ ಒಳಗೆ ಹೊರಗೆ ಮಾಡಿ ನೋಡಿದ. ಊಹುಂ. ಕೊನೆಗೆ ಬ್ರೆಡ್ಡು ಕೊಡುವ ನೆಪದಲ್ಲಿ ಮನೆಗೆ ಬಂದು ದೊಡ್ಡಮ್ಮನ ಮುಂದೆ ಗೋಳು ತೋಡಿಕೊಂಡ.

"ಯಜಮಾನ್ರಿಗೆ ಏನಾಗಿದೆ, ಅಕ್ಕಾ? ನಾನು ಒಳಗೆ ಬಂದದ್ದು ನನಗೇ ಗೊತ್ತಾಗ್ತಿಲ್ಲ."

ದೊಡ್ಡಮ್ಮ ಮೊದಲು ನಕ್ಕರು. ಆಮೇಲೆ ಸಿಟ್ಟು ಬಂತು. "ನಂದೊಂದು ಕಾಲು ಹೋಯ್ತು ಅಂತ ಇವರು ಊರೋರ ಕಾಲನ್ನೆಲ್ಲ ಕಟ್ಟಿಹಾಕಿದ್ರಾ?"

ಮುಂದಿನ ಭಾನುವಾರ ಎಲ್ಲರೂ ಕೂತ ಮೇಲೆ ಅವರು ಬಂದರು. ಕೋಲಿನ ಟಕ್, ಅದರ ಹಿಂದೆಯೇ ಕಾಲೆಳೆದ ಸದ್ದು. ನಾನು ಅಟ್ಟದಲ್ಲಿ ಹಾಳೆ ತಿರುವುತ್ತಿದ್ದೆ. ಆರ್ಗನ್ ತಟ್ಟನೆ ನಿಂತಿತು. ದೊಡ್ಡಪ್ಪ ಕನ್ನಡಿ ನೋಡಿದರು. ಕೆಳಗಿನ ಮರದ ಪಟ್ಟಿಯೊಂದನ್ನು ಪಾದದಿಂದ ಒತ್ತಿ, ಆಳದ ಒಂದೇ ಸ್ವರ ಹೊರಡಿಸಿ, ಕಾದರು. ಮುಂದಿನ ಸ್ವರ ಆ ಹೆಜ್ಜೆಯಂತೆಯೇ ತಡವಾಗಿ ಬಂತು. ಅದರ ಮೇಲೆ ಬಲಗೈ ಒಂದು ಸಣ್ಣ ರಾಗ ಹರಿಯಬಿಟ್ಟಿತು. ಹೆಜ್ಜೆ ಎಲ್ಲಿ ತಡೆಯುತ್ತಿತ್ತೋ ರಾಗ ಅಲ್ಲಲ್ಲೇ ಉಸಿರೆಳೆದುಕೊಳ್ಳುತ್ತಿತ್ತು.

ನಡುದಾರಿಯಲ್ಲಿ ದೊಡ್ಡಮ್ಮ ಬೇಕೆಂದೇ ನಿಂತರು. ಸ್ವರವೂ ಗಾಳಿಯಲ್ಲಿ ನಿಂತಿತು. ಹೆಜ್ಜೆ ಇಟ್ಟರು; ಇಳಿಯಿತು. ಮತ್ತೆ ನಿಂತರು. ಬೆಂಚುಗಳಲ್ಲಿ ನಗು ಮೆಲ್ಲಗೆ ಹರಿದಾಡಿತು. ಗಂಡನನ್ನು ಎಷ್ಟು ಹೊತ್ತು ಹಾಗೆ ಆಟವಾಡಿಸಿದರೋ ಅಷ್ಟು ಹೊತ್ತೂ ಪಾದ್ರಿಗಳು ಪುಸ್ತಕ ಮುಚ್ಚಿ ಕಾದರು.

ಮನೆಗೆ ಬಂದ ಮೇಲೆ, "ಚೆನ್ನಾಗಿತ್ತು. ಆದ್ರೆ ನಾನು ಕೋಲನ್ನ ಅಷ್ಟು ಜೋರಾಗಿ ಊರಲ್ಲ" ಎಂದರು.

"ಮುಂದಿನ ವಾರ ಮೆತ್ತಗೆ ಊರೋಣ ಬಿಡು."

ಬೆರಳುಗಳು ಬಿಗಿದುಕೊಳ್ಳುವವರೆಗೂ ದೊಡ್ಡಪ್ಪ ನುಡಿಸಿದರು. ಈಗ ಅವರ ಜಾಗದಲ್ಲಿ ನಾನು. ಅವರು ಕೆಳಗೆ ದೊಡ್ಡಮ್ಮನ ಪಕ್ಕ ಕೂರುತ್ತಾರೆ. ನನ್ನದು ಹೆಚ್ಚಾಗಿ ಪುಸ್ತಕದ ಸಂಗೀತವೇ. ಅವರಿಗೆ ಜೋಂಪು ಹತ್ತುತ್ತದೆ. ಆ ಜೋಂಪಿನಲ್ಲೂ ಅವರ ಪಾದಗಳು ಬೆಂಚಿನಡಿ ಅತ್ತಿತ್ತ ಸರಿದು, ಅಲ್ಲಿಲ್ಲದ ಪಟ್ಟಿಗಳನ್ನು ಒಂದೊಂದಾಗಿ ಒತ್ತುತ್ತವಂತೆ. ದೊಡ್ಡಮ್ಮ ಎಬ್ಬಿಸುವುದಿಲ್ಲ.