ಮುಚ್ಚಿಹೋದ ಕಾಲೇಜಿನ ಎರಡು ವರ್ಷ

ಊರಿಗೆ ನೀರು ಬಿಡುವ ಕೇಂದ್ರದಲ್ಲಿ ಸ್ಯಾಂಪಲ್ ಹಿಡಿಯುವ ಕೆಲಸ ಮಾಡುತ್ತಿದ್ದ ಆ ಹೆಂಗಸನ್ನು ಎಲ್ಲರೂ ನೀರಕ್ಕ ಅಂತಲೇ ಕರೆಯುತ್ತಿದ್ದರು. ಬೆಳಗಾದರೆ ಸಾಕು, ಬಾಟಲಿಗಳ ಪೆಟ್ಟಿಗೆ ಹೆಗಲಿಗೇರಿಸಿ ಹೊರಟುಬಿಡುವಳು. ಆಸ್ಪತ್ರೆಯ ನಲ್ಲಿ, ಶಾಲೆಯ ನಲ್ಲಿ, ಮಾರುಕಟ್ಟೆ ಹಿಂದಿನ ಸಾರ್ವಜನಿಕ ನಲ್ಲಿ, ಹೀಗೆ ಒಂದೊಂದರ ಬಾಯಿಯನ್ನೂ ಬೆಂಕಿಯಲ್ಲಿ ಕಾಯಿಸಿ, ನೀರನ್ನು ಸ್ವಲ್ಪ ಹರಿಯಬಿಟ್ಟು, ಬಾಟಲಿ ತುಂಬಿಸಿ ಬಿರಡೆ ಹಾಕಬೇಕು. ಕೇಂದ್ರಕ್ಕೆ ಬಂದು ಪರೀಕ್ಷೆಯ ಪುಡಿ ಉದುರಿಸಿದರೆ ನೀರು ತಿಳಿಗುಲಾಬಿಗೆ ತಿರುಗಬೇಕು. ತಿರುಗದಿದ್ದರೆ ಕ್ಲೋರಿನ್ ಸಾಲದು ಅಂತ ಅರ್ಥ. ಆಗ ಇಡೀ ಕೇಂದ್ರವೇ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಬೇಕಾಗುತ್ತಿತ್ತು.

ದಾರಿಯಲ್ಲಿ ಸಿಕ್ಕವರೆಲ್ಲ, "ನೀರಕ್ಕ, ಇವತ್ತು ಕುಡೀಬಹುದಾ?" ಅಂತ ನಗುತ್ತಾ ಕೇಳುವರು. "ನಾನೇ ಕುಡಿದು ಬಂದಿದ್ದೀನಿ, ಇನ್ನೂ ನಿಂತಿದ್ದೀನಲ್ಲ" ಅನ್ನುವಳು.

ಆದರೆ ವರದಿಗೆ ಸಹಿ ಹಾಕುವ ಅಧಿಕಾರ ಅವಳಿಗಿರಲಿಲ್ಲ. ಅದು ಪ್ರಯೋಗಾಲಯದ ಮುಖ್ಯಸ್ಥರದ್ದು. ಸಾಹೇಬರು ಅಂತ ಎಲ್ಲರೂ ಕರೆಯುತ್ತಿದ್ದ ಆ ಮನುಷ್ಯ ಒಂದು ಮಧ್ಯಾಹ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡಮ್ಮ, ಇನ್ನೆರಡು ವರ್ಷಕ್ಕೆ ನಾನು ನಿವೃತ್ತಿ. ಈ ಕುರ್ಚಿಗೆ ನೀನು ಬಂದರೆ ನನಗೆ ನೆಮ್ಮದಿ. ಆದರೆ ಡಿಗ್ರಿ ಇಲ್ಲದೆ ನಿನ್ನ ಅರ್ಜಿ ಯಾರೂ ಮುಟ್ಟೋದೂ ಇಲ್ಲ" ಅಂದರು.

"ಎರಡು ವರ್ಷ ಓದಿದ್ದೀನಿ ಸರ್. ಇನ್ನೊಂದು ವರ್ಷ ಇತ್ತು, ಅಷ್ಟೆ."

"ಹಾಗಾದ್ರೆ ಮುಗಿಸು. ಏನು ಕಾಯ್ತಿದ್ದೀಯ?"

ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಅವಳು ಓದಿದ್ದು ಕಾಗದದ ಕಾರ್ಖಾನೆಯವರು ತಮ್ಮ ಕೆಲಸಗಾರರ ಮಕ್ಕಳಿಗಾಗಿ ನಡೆಸುತ್ತಿದ್ದ ಕಾಲೇಜಿನಲ್ಲಿ. ತರಗತಿಯ ಕಿಟಕಿ ತೆಗೆದರೆ ಬೇಯಿಸಿದ ಮರದ ತಿರುಳಿನ ವಾಸನೆ ಮೂಗಿಗೆ ಅಡರುತ್ತಿತ್ತು. ಎರಡನೇ ವರ್ಷದ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಕಾರ್ಖಾನೆ ಮುಚ್ಚಿತು, ಅದರ ಜೊತೆಗೆ ಕಾಲೇಜೂ ಮುಚ್ಚಿತು. ಗೇಟಿಗೆ ಬೀಗ ಬಿದ್ದ ದಿನ ಅಪ್ಪ ಕೆಲಸ ಕಳೆದುಕೊಂಡರು, ಮಗಳು ಓದು ಕಳೆದುಕೊಂಡಳು. ನೀರಿನ ಕೇಂದ್ರದಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತು. ಆಮೇಲೆ ಮದುವೆ, ಮನೆ, ಮಗು. ಮೂರನೇ ವರ್ಷ ಹಾಗೇ ಉಳಿದುಹೋಯಿತು.

ಸಾಹೇಬರ ಮಾತು ಕೇಳಿದ ಮರುವಾರವೇ ಅವಳು ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಹೋದಳು. ಕಿಟಕಿಯೊಳಗಿದ್ದ ಗುಮಾಸ್ತ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಈ ಕಾಲೇಜಿಗೆ ಮಾನ್ಯತೆ ಕೊಟ್ಟಿದ್ದು ಯಾರು?"

"ಕೈಗಾರಿಕಾ ತಾಂತ್ರಿಕ ಮಂಡಳಿ."

"ಅದೇ ನೋಡಿ. ನಮಗೆ ಮಾನ್ಯತೆ ಕೊಟ್ಟಿರೋದು ಉನ್ನತ ಶಿಕ್ಷಣ ಪರಿಷತ್ತು. ಅಲ್ಲಿ ಓದಿದ್ದಕ್ಕೆ ಸಿಕ್ಕ ಕ್ರೆಡಿಟ್ ನಮಗೆ ನಡೆಯಲ್ಲ. ಮೊದಲನೇ ವರ್ಷದಿಂದ ಸೇರ್ಕೊಳ್ಳಿ."

"ಓದಿರೋ ವಿಷಯ ಅದೇ ಅಲ್ವಾ ಸರ್? ಆಮ್ಲ ಅಲ್ಲೂ ಆಮ್ಲವೇ, ಇಲ್ಲೂ ಆಮ್ಲವೇ."

"ಆಮ್ಲ ಒಂದೇ ಇರಬಹುದು ಮೇಡಂ, ಮೊಹರು ಬೇರೆ" ಅಂದು ಅವನು ಸಾಲಿನಲ್ಲಿ ಅವಳ ಹಿಂದಿದ್ದವರನ್ನು ಕರೆದ.

ಮೊದಲಿಂದ ಶುರುಮಾಡಿದರೆ ಮೂರು ವರ್ಷ. ಅಷ್ಟರಲ್ಲಿ ಆ ಕುರ್ಚಿಗೆ ಇನ್ಯಾರೋ ಬಂದು ಕೂತಾಗಿರುತ್ತದೆ. ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲ ಹತ್ತಿರವೇ ಕೂತು ನಡೆದದ್ದನ್ನೆಲ್ಲ ಹೇಳಿದಳು. ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡ, ಬಿಚ್ಚಿದ ಯಂತ್ರದ ಮುಂದೆ ಎಣ್ಣೆ ಕೈಯಲ್ಲೇ ತಲೆಯೆತ್ತಿ ನೋಡಿದ. ಬಾಯಿ ತೆಗೆದವರು ಅತ್ತೆ. ಸಿನಿಮಾ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಜೀವಮಾನ ಕಳೆದ ಹೆಂಗಸು, ಮಾತಿನಲ್ಲಿ ಯಾರಿಗೂ ಬಗ್ಗುವವರಲ್ಲ.

"ನಡೆಯಲ್ಲ ಅಂತ ಅಂದಿದ್ದು ಕೌಂಟರಿನಲ್ಲಿ ಕೂತವನು ತಾನೆ?"

"ಹೌದು ಅತ್ತೆ."

"ನಾನೂ ಹೌಸ್‌ಫುಲ್ ಅಂತ ದಿನಾ ಹೇಳ್ತಿದ್ದೆ. ಮ್ಯಾನೇಜರ್ ಹತ್ರ ಹೋದವರಿಗೆ ಸೀಟು ಸಿಗ್ತಿತ್ತು. ನಾಳೆ ನಾನೂ ಬರ್ತೀನಿ, ನಡಿ."

ಮರುದಿನ ಅತ್ತೆ ಸೊಸೆ ಇಬ್ಬರೂ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರು. ಮುಖ್ಯಸ್ಥೆ ತರಗತಿಗೆ ಹೋಗುವಾಗಲೂ ಇವರು ಅಲ್ಲೇ, ಬರುವಾಗಲೂ ಅಲ್ಲೇ. ಕೊನೆಗೆ ಅವರೇ ನಿಂತು, "ಯಾರನ್ನ ಕಾಯ್ತಿದ್ದೀರಿ?" ಅಂತ ಕೇಳಿದರು.

"ನಿಮ್ಮನ್ನೇ ತಾಯಿ" ಅಂದರು ಅತ್ತೆ. "ನನ್ನ ಸೊಸೆ ಎರಡು ವರ್ಷ ಓದಿದ್ದಾಳೆ. ನಿಮ್ಮ ಆಫೀಸಿನವರು ಆ ಎರಡು ವರ್ಷವನ್ನೇ ನುಂಗಿ ನೀರು ಕುಡಿದುಬಿಟ್ಟರು."

ಮುಖ್ಯಸ್ಥೆ ನಗಲಿಲ್ಲ. ಕಟ್ಟುನಿಟ್ಟಿನ ಹೆಂಗಸು, ಅನಗತ್ಯ ಮಾತು ಒಂದೂ ಇಲ್ಲ. ಒಳಗೆ ಕರೆದು ಅಂಕಪಟ್ಟಿಯನ್ನು ಗಮನವಿಟ್ಟು ಓದಿದರು.

"ಅಂಕ ಚೆನ್ನಾಗಿವೆ. ಆದರೆ ಇಲ್ಲಿ ರಸಾಯನಶಾಸ್ತ್ರ ಒಂದು, ರಸಾಯನಶಾಸ್ತ್ರ ಎರಡು ಅಂತ ಮಾತ್ರ ಬರೆದಿದೆ. ಒಂದರಲ್ಲಿ ಏನು ಕಲಿಸಿದರು, ಎರಡರಲ್ಲಿ ಏನು ಕಲಿಸಿದರು, ಲ್ಯಾಬ್ ಎಷ್ಟಿತ್ತು, ನನಗೆ ಹೇಗೆ ಗೊತ್ತಾಗಬೇಕು?"

"ಗೊತ್ತುಮಾಡಿಕೊಟ್ಟರೆ?"

"ದಾರಿ ಇದೆ" ಅಂದರು ಮುಖ್ಯಸ್ಥೆ. "ಬೇರೆ ಮಾನ್ಯತೆಯ ಕಾಲೇಜಾದರೆ ಒಂದೊಂದು ವಿಷಯವನ್ನೂ ನಮ್ಮ ಪಠ್ಯದ ಪಕ್ಕ ಇಟ್ಟು ಹೋಲಿಸಿ ನೋಡಬಹುದು. ಸರಿಹೊಂದಿದ್ದಕ್ಕೆ ಕ್ರೆಡಿಟ್, ಅನುಮಾನ ಬಂದದ್ದಕ್ಕೆ ಪರೀಕ್ಷೆ, ಇಲ್ಲದ್ದನ್ನ ಇಲ್ಲೇ ಓದಬೇಕು. ಹೇಗೂ ಕೊನೇ ವರ್ಷ ಪೂರ್ತಿ ನಮ್ಮಲ್ಲೇ ಓದಬೇಕು. ಆದರೆ ಒಂದು ಮಾತು ಹೇಳ್ತೀನಿ. ನಾನು ಬಂದಮೇಲೆ ಈ ದಾರಿ ಹಿಡಿದವರೆಲ್ಲ ಅರ್ಧಕ್ಕೇ ಕೈಬಿಟ್ಟಿದ್ದಾರೆ."

ಹೊರಗೆ ಬಂದಮೇಲೆ ಅತ್ತೆ ಸೊಸೆಯ ಬೆನ್ನಿಗೊಂದು ಗುದ್ದಿದರು. "ಸೀಟು ಇದೆ ಅಂದಳಲ್ಲ!"

ಅಲ್ಲಿಂದ ನೀರಕ್ಕನ ಅಲೆದಾಟ ಶುರುವಾಯಿತು. ತಾಂತ್ರಿಕ ಮಂಡಳಿ ಇನ್ನೂ ಬದುಕಿತ್ತು, ಆದರೆ ಅದರ ಹಳೇ ದಾಖಲೆಗಳು ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದವು. ಹೋದಾಗಲೆಲ್ಲ ಒಬ್ಬೊಬ್ಬರು ಒಂದೊಂದು ನೆಪ ಹೇಳಿ ಸಾಗಹಾಕುವರು. ಕೀಲಿ ಇರುವವರು ರಜೆ, ಕೀಲಿ ಇದ್ದರೆ ದೀಪ ಹೋಗಿದೆ, ದೀಪ ಬಂದರೆ ಹುಡುಕುವವರಿಲ್ಲ. ಇವಳು ಹಿಡಿದ ಪಟ್ಟು ಬಿಡಲಿಲ್ಲ. ಕಡೆಗೆ, ಆ ವರ್ಷಗಳಲ್ಲಿ ಕಾಲೇಜಿಗೆ ಮಾನ್ಯತೆ ಇತ್ತು ಅನ್ನುವ ಪ್ರಮಾಣಪತ್ರ ಕೈಗೆ ಬಂತು. ಗಣಿತ, ಭೌತಶಾಸ್ತ್ರ, ಭಾಷೆಯ ಪಠ್ಯಕ್ರಮಗಳೂ ಸಿಕ್ಕವು. ರಸಾಯನಶಾಸ್ತ್ರದ್ದು ಮಾತ್ರ ಎಲ್ಲಿ ತಡಕಿದರೂ ಇಲ್ಲ. ಬೇಕಾಗಿದ್ದದ್ದೇ ಅದು!

ಆಗ ನೆನಪಾದವರು ಮೇಷ್ಟ್ರು. ಕಾರ್ಖಾನೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ್ದವರು ಅವರೊಬ್ಬರೇ. ವಿಚಾರಿಸುತ್ತಾ ಹೋದರೆ, ಮಗಳ ಮನೆಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೇಲಂತಸ್ತಿನಲ್ಲಿ ಇದ್ದರು. ಕಿವಿ ಮಂದವಾಗಿತ್ತು, ಗಂಟಲು ಮಾತ್ರ ಮೊದಲಿನ ಹಾಗೇ ಇತ್ತು.

"ಲ್ಯಾಬಿನಲ್ಲಿ ಬ್ಯುರೆಟ್ ಒಡೆದವಳಲ್ವಾ ನೀನು?" ಅಂದರು, ನೋಡಿದ ಕೂಡಲೇ.

"ಅದು ನಾನಲ್ಲ ಸರ್, ನನ್ನ ಪಕ್ಕದವಳು!" ನೀರಕ್ಕ ಕಿರುಚಿ ಹೇಳಬೇಕಾಯಿತು.

ವಿಷಯ ತಿಳಿದ ಮೇಷ್ಟ್ರು ಹಳೇ ಹುರುಪಿನಿಂದ ಎದ್ದು ಕೂತರು. ಅವರು ಹೇಳುತ್ತಾ ಹೋದರು, ಇವಳು ಬರೆಯುತ್ತಾ ಹೋದಳು. ಯಾವ ತಿಂಗಳು ಯಾವ ಪಾಠ, ಯಾವ ಪ್ರಯೋಗ, ಯಾವ ಪುಸ್ತಕ. ಭಾನುವಾರ ಬಂದರೆ ಇದೇ ಕೆಲಸ. ಮೇಷ್ಟ್ರ ಮಗಳು ಚಹಾ ತಂದಿಟ್ಟು, "ಅಪ್ಪ ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ" ಅಂತ ಬೆರಗಿನಿಂದ ನೋಡುವಳು.

ಭೌತ ರಸಾಯನದ ಭಾಗಕ್ಕೆ ಬಂದಾಗ ಮೇಷ್ಟ್ರ ಮಾತು ನಿಧಾನವಾಯಿತು.

"ಇದನ್ನ ನಾವು ಸರಿಯಾಗಿ ಕಲಿಸಲಿಲ್ಲಮ್ಮ. ಕಾರ್ಖಾನೆಗೆ ಬೇಕಾಗಿದ್ದು ತಿರುಳು, ಬಣ್ಣ, ಬ್ಲೀಚು. ಶಾಖದ ಲೆಕ್ಕಾಚಾರವನ್ನೆಲ್ಲ ಮೇಲೆ ಮೇಲೆ ಹೇಳಿ ದಾಟಿಸಿಬಿಟ್ಟೆ."

ಆ ದಿನ ಜೊತೆಗೆ ಬಂದಿದ್ದ ಅತ್ತೆ ಥಟ್ಟನೆ, "ಕಲಿಸಿದೆ ಅಂತಲೇ ಬರೆಸಿ ಮೇಷ್ಟ್ರೇ, ಯಾರು ಬಂದು ನೋಡ್ತಾರೆ?" ಅಂದರು.

ಮೇಷ್ಟ್ರಿಗೆ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ನೀರಕ್ಕನ ಮುಖ ನೋಡಿದರು. ಅವಳ ಆಸೆಯೂ ಒಂದು ಗಳಿಗೆ ಅತ್ತ ವಾಲಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಗುಲಾಬಿಗೆ ತಿರುಗದ ನೀರನ್ನು ತಿರುಗಿತು ಅಂತ ಅವಳು ಇವತ್ತಿನವರೆಗೂ ಬರೆದವಳಲ್ಲ.

"ಇದ್ದದ್ದು ಇದ್ದ ಹಾಗೇ ಹೇಳಿ ಸರ್" ಅಂದಳು. ಮೇಷ್ಟ್ರು ಹಾಗೇ ಹೇಳಿ, ಪ್ರತಿ ಹಾಳೆಗೂ ಸಹಿ ಮಾಡಿದರು. ಅವರು ಆ ಕಾಲದಲ್ಲಿ ಮಂಡಳಿಯ ಪರೀಕ್ಷಕರೂ ಆಗಿದ್ದರಿಂದ ಮಂಡಳಿಯವರು ಅದರ ಮೇಲೆ ಮೊಹರು ಒತ್ತಿಕೊಟ್ಟರು.

ಪಠ್ಯಗಳನ್ನು ಹೋಲಿಸಿ ನೋಡುವ ವಿಶ್ವವಿದ್ಯಾಲಯದ ಸಮಿತಿ ಕೂತ ದಿನ ಉದ್ದ ಮೇಜಿನ ಸುತ್ತ ಪ್ರಾಧ್ಯಾಪಕರು, ತುದಿಯಲ್ಲಿ ಇವಳು. ಅವರಲ್ಲೊಬ್ಬರು ಹಾಳೆಗಳನ್ನು ಬೆರಳಿನಿಂದ ಆಚೆ ತಳ್ಳಿ, "ಮುಚ್ಚಿಹೋದ ಕಾಲೇಜು, ನೆನಪಿನಿಂದ ಬರೆಸಿದ ಪಠ್ಯ. ಇದನ್ನ ಹೇಗೆ ನಂಬೋದು?" ಅಂದರು.

ಮುಖ್ಯಸ್ಥೆ ಒಂದು ಹಾಳೆ ತೆಗೆದು ಅವರ ಮುಂದಿಟ್ಟರು. "ಇದನ್ನ ಓದಿ ಸರ್. ಭೌತ ರಸಾಯನ ಸರಿಯಾಗಿ ಕಲಿಸಲಿಲ್ಲ ಅಂತ ಕಲಿಸಿದವರೇ ಬರೆದುಕೊಟ್ಟಿದ್ದಾರೆ. ಮೋಸ ಮಾಡುವವರು ತಮಗೇ ನಷ್ಟವಾಗೋ ಹಾಗೆ ಬರೆಯಲ್ಲ."

ಆ ಪ್ರಾಧ್ಯಾಪಕರು ಓದಿದರು, ಗಡ್ಡ ಕೆರೆದುಕೊಂಡರು, ತಳ್ಳಿದ್ದ ಹಾಳೆಗಳನ್ನೆಲ್ಲ ಹತ್ತಿರ ಎಳೆದುಕೊಂಡು ಮೊದಲಿಂದ ಓದತೊಡಗಿದರು. ಸಂಜೆಯ ಹೊತ್ತಿಗೆ ತೀರ್ಮಾನವಾಯಿತು. ಗಣಿತ, ಭೌತಶಾಸ್ತ್ರ, ಭಾಷೆ, ಎರಡೂ ವರ್ಷದ ಲ್ಯಾಬು, ಎಲ್ಲಕ್ಕೂ ಕ್ರೆಡಿಟ್. ಸಾವಯವ ರಸಾಯನಕ್ಕೂ ಭೌತ ರಸಾಯನಕ್ಕೂ ಪರೀಕ್ಷೆ.

ಸಾವಯವದಲ್ಲಿ ಪಾಸಾದಳು. ಭೌತ ರಸಾಯನದಲ್ಲಿ ಮಾತ್ರ ಮಕಾಡೆ ಬಿದ್ದಳು. ಬಸ್ ನಿಲ್ದಾಣದ ಕಂಬಕ್ಕೆ ಒರಗಿ ಅತ್ತಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು. ಕ್ರೆಡಿಟ್ ಸಿಗಲಿಲ್ಲ ನಿಜ, ಆದರೆ ತನಗೆ ಅದು ಬರುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಬರದ್ದನ್ನು ಕಲಿಯಬೇಕು, ಅದರಲ್ಲಿ ಅವಮಾನ ಯಾಕೆ?

ಕೊನೇ ವರ್ಷಕ್ಕೆ ಸೇರಿ, ಭೌತ ರಸಾಯನವನ್ನೂ ಅದರ ಜೊತೆಗೇ ತೆಗೆದುಕೊಂಡಳು. ಬೆಳಿಗ್ಗೆ ತರಗತಿ ಇದ್ದುದರಿಂದ ಸಾಹೇಬರು ಅವಳ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಿಸಿದರು. ಬೆಳಗಿನ ಸ್ಯಾಂಪಲ್ಲಿಗೆ ಸ್ವತಃ ತಾವೇ ಬಾಟಲಿ ಪೆಟ್ಟಿಗೆ ಹೊತ್ತು ನಡೆದರು. "ಇವತ್ತು ಕುಡೀಬಹುದಾ ಸರ್?" ಅಂತ ಮಾರುಕಟ್ಟೆಯವರು ಅವರನ್ನೂ ಬಿಡಲಿಲ್ಲ. ಗಂಡ ಅಡುಗೆ ಕಲಿತ. ಮೊದಮೊದಲು ಅವನ ಅಡುಗೆಯಲ್ಲಿ ಯಂತ್ರದ ಎಣ್ಣೆಯ ವಾಸನೆ ಬರುತ್ತದೆ ಅಂತ ಮಗಳು ಮೂಗು ಮುರಿಯುವಳು.

ಕಾಲೇಜಿನಲ್ಲಿ ಮೊದಲ ಲ್ಯಾಬಿನ ದಿನ ನೀರಕ್ಕ ತನ್ನ ಪ್ರಯೋಗ ಮುಗಿಸಿ, ಅಭ್ಯಾಸಬಲದಿಂದ ಇಡೀ ಸಾಲಿನವರ ಗಾಜಿನ ಸಾಮಾನನ್ನೆಲ್ಲ ಗುಡ್ಡೆ ಹಾಕಿಕೊಂಡು ತೊಳೆಯಲು ನಿಂತಳು. ಹುಡುಗ ಹುಡುಗಿಯರು ಖುಷಿಯಿಂದ ತಂದು ತಂದು ಇಟ್ಟರು. ಹಿಂದಿನಿಂದ ಮುಖ್ಯಸ್ಥೆಯ ದನಿ ಬಂತು.

"ಇಲ್ಲಿ ನೀವು ವಿದ್ಯಾರ್ಥಿ. ನಿಮ್ಮದನ್ನ ಮಾತ್ರ ತೊಳೀರಿ."

ಹುಡುಗರು ನಾಚಿ ತಮ್ಮ ತಮ್ಮದನ್ನು ಎತ್ತಿಕೊಂಡು ಹೋದರು. ನಲ್ಲಿಯ ಮುಂದೆ ನಿಂತಿದ್ದ ನೀರಕ್ಕ ತನ್ನದನ್ನಷ್ಟೇ ತೊಳೆದಿಟ್ಟಳು. ಅಷ್ಟು ವರ್ಷಗಳಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ.

ಭೌತ ರಸಾಯನ ಸುಲಭವಾಗಿ ಒಲಿಯಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು, "ಅಕ್ಕ, ಒಲೆ ಮೇಲಿನ ನೀರು ಅಂದ್ಕೊಳ್ಳಿ, ಶಾಖ ಎಲ್ಲಿಗೆ ಹೋಯ್ತು ಅಂತ ಕೇಳ್ತಾ ಹೋಗಿ" ಅಂತ ತಾಳ್ಮೆಯಿಂದ ಹೇಳಿಕೊಡುತ್ತಿದ್ದಳು. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಸೋಸುವ ತೊಟ್ಟಿಗಳ ನಡುವಿನ ಕಟ್ಟೆಯ ಮೇಲೆ ನಡೆಯುವಾಗ ಅದನ್ನೇ ಗುನುಗುತ್ತಾ ಇದ್ದವಳಿಗೆ, ಒಂದು ದಿನ ಇದ್ದಕ್ಕಿದ್ದಂತೆ ಎಲ್ಲ ತಿಳಿಯಾಯಿತು. ಆ ದಿನ ಕೇಂದ್ರದಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ನೀರು ಯಾಕೆ ಕುದಿಯುತ್ತದೆ ಅಂತ ವಿವರಿಸಿ ತಲೆ ತಿಂದಳು.

ಫಲಿತಾಂಶ ಬಂದಾಗ ಎಲ್ಲದರಲ್ಲೂ ಪಾಸು, ಭೌತ ರಸಾಯನದಲ್ಲಿ ಮೊದಲ ದರ್ಜೆ. ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷ. ಪದವಿ ಪ್ರದಾನದ ದಿನ ವೇದಿಕೆಯ ಮೇಲೆ ಕಾಲಿಟ್ಟಾಗ ಸಭೆಯಲ್ಲಿ ಶಿಸ್ತಿನ ಚಪ್ಪಾಳೆ. ಅದರ ನಡುವಿನಿಂದ, "ನನ್ನ ಸೊಸೆ! ಅಗೋ, ನನ್ನ ಸೊಸೆ!" ಅಂತ ಅತ್ತೆಯ ಕೂಗು. ಎಲ್ಲರೂ ತಿರುಗಿ ನೋಡಿದರು. ಅತ್ತೆ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು, ನೀರಕ್ಕನ ಗಂಡ ಒಂದು ಕೈಯಲ್ಲಿ ಅವರನ್ನು ಹಿಡಿದುಕೊಂಡು ಇನ್ನೊಂದರಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಮೇಷ್ಟ್ರು ಪಕ್ಕದವರನ್ನು, "ಕರೆದರಾ? ಅವಳ ಹೆಸರು ಕರೆದರಾ?" ಅಂತ ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ವಿಚಾರಿಸುತ್ತಿದ್ದರು. ಯಾವತ್ತೂ ನಗದ ಮುಖ್ಯಸ್ಥೆ ವೇದಿಕೆಯ ಮೇಲೆಯೇ ನಕ್ಕುಬಿಟ್ಟರು.

ಸಾಹೇಬರು ನಿವೃತ್ತರಾದಾಗ ಆ ಹುದ್ದೆಗೆ ಆಯ್ಕೆಯಾದದ್ದು ನೀರಕ್ಕನೇ. ಮೊದಲ ವರದಿಗೆ ಸಹಿ ಹಾಕುವ ಮುನ್ನ ಅದನ್ನು ಎರಡು ಸಲ ಓದಿದಳು. ಮಾರನೇ ದಿನ ಒಂದೇ ಸಲ.

ಸುದ್ದಿ ಹಳೇ ಕಾರ್ಖಾನೆಯ ಕಾಲೋನಿಗೂ ಮುಟ್ಟಿತು. ಅದೇ ಕಾಲೇಜಿನಲ್ಲಿ ಅರ್ಧಕ್ಕೆ ಓದು ನಿಂತವರು ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ಮೀಸೆ ನರೆತ ಒಬ್ಬ ಎಲೆಕ್ಟ್ರಿಷಿಯನ್, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬಳು, ಇನ್ನೂ ಕೆಲವರು. ವಿಶ್ವವಿದ್ಯಾಲಯದವರಿಗೆ ಈಗ ಆ ಕಾಲೇಜಿನ ಪಠ್ಯ ಏನಿತ್ತು ಅನ್ನುವುದು ಗೊತ್ತಾಗಿತ್ತು, ಹಾಗಾಗಿ ಹೀಗೆ ಬಂದವರ ಕೆಲಸ ಹಗುರವಾಯಿತು.

"ಈ ವಯಸ್ಸಲ್ಲಿ ನನ್ನ ತಲೆಗೆ ಹತ್ತುತ್ತಾ ಅಕ್ಕ?" ಅಂತ ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ.

"ಭೌತ ರಸಾಯನ ಸ್ವಲ್ಪ ಸತಾಯಿಸುತ್ತೆ" ಅಂದಳು ನೀರಕ್ಕ. "ಭಾನುವಾರ ಬಾ, ಹೇಳಿಕೊಡ್ತೀನಿ. ಬರ್ತಾ ಔಷಧಿ ಅಂಗಡಿಯವಳನ್ನೂ ಕರ್ಕೊಂಡು ಬಾ."