ವಿಶ್ರಾಂತಿ ಎಂದು ಬರೆದ ಗಂಟೆಗಳು

ಕಳೆದ ತಿಂಗಳು ನನ್ನ ಸಕ್ಕರೆ ಪರೀಕ್ಷೆಗೆಂದು ಆರೋಗ್ಯ ಕೇಂದ್ರದ ನರ್ಸೊಬ್ಬಳು ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಬೆರಳು ಒರೆಸಿದಾಗ ಅದರ ತಣ್ಣನೆಯ ಘಾಟು ಮೂಗಿಗೆ ಬಡಿಯಿತು. "ಕುಂದ್ರವ್ವಾ, ಚಾ ಕುಡದು ಹೋಗು" ಎಂದಳು ನನ್ನ ಹೆಂಡತಿ. "ಬ್ಯಾಡವ್ವಾ, ಇನ್ನೂ ಇಪ್ಪತ್ತು ಮನಿ ಅದಾವು, ಇರಾಕಿ ನಾ ಒಬ್ಬಾಕಿ" ಎಂದು ಆಕೆ ನಿಂತೇ ಹೊರಟುಬಿಟ್ಟಳು. ಸೂಜಿಗೆ ಹೆದರಿ ಮುಖ ಕಿವುಚಿದೆನೆಂದು ಮನೆಯವರೆಲ್ಲ ನಕ್ಕರು. ಕಾರಣ ಸೂಜಿಯಲ್ಲ. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿ ಪಾಸಾಗಿ, ಇಂಗ್ಲಿಷಿನಲ್ಲಿ ನಾಲ್ಕು ಮಾತು ಬರುತ್ತದೆಂಬ ಜಂಬದಲ್ಲಿ ನಾನು ಸುಮ್ಮನೆ ತಿರುಗಿಕೊಂಡಿದ್ದೆ. ಆಗ ಹೊರದೇಶದ ಒಂದು ವಿಶ್ವವಿದ್ಯಾಲಯದವರೂ ದಿಲ್ಲಿಯ ಡಾಕ್ಟರರೂ ಜೊತೆಗೂಡಿ ಸಿರುಗುಪ್ಪ ತಾಲ್ಲೂಕಿಗೆ ಬಂದರು. ಹಳ್ಳಿಗಳಿಗೆ ಎಷ್ಟು ನರ್ಸುಗಳು ಬೇಕು ಎಂಬುದು ಅವರ ಪ್ರಶ್ನೆ. ಇದೇ ಪ್ರಶ್ನೆಯನ್ನು, ಇದೇ ಅಚ್ಚಿನ ಹಾಳೆ ಹಿಡಿದು, ಆಫ್ರಿಕಾದಲ್ಲೂ ಕೇಳುತ್ತಿದ್ದರಂತೆ. ಬಂದ ಉತ್ತರದಂತೆ ಸರ್ಕಾರಗಳು ಹುದ್ದೆ ಕೊಡುವುದೆಂದು ಮಾತಾಗಿತ್ತು. ನರ್ಸಿನ ಹಿಂದೆ ನಡೆದು, ಹತ್ತು ನಿಮಿಷಕ್ಕೊಮ್ಮೆ ಆಕೆ ಏನು ಮಾಡುತ್ತಿದ್ದಾಳೆಂದು ಗುರುತು ಹಾಕುವ ಜನ ಬೇಕಾಗಿದ್ದರು. ನನಗೆ ಒಂದು ರಟ್ಟು, ಒಂದು ಕಟ್ಟು ಹಾಳೆ, ಒಂದು ಕೈಗಡಿಯಾರ ಸಿಕ್ಕವು. ಗಡಿಯಾರ ಎಲ್ಲರಿಗೂ ಕಾಣಲೆಂದು ಮೊಣಕೈವರೆಗೆ ಮಡಚಿದ ಅಂಗಿಯ ತೋಳನ್ನು ಬೆಳಗಿನ ಚಳಿಯಲ್ಲೂ ಇಳಿಸಲಿಲ್ಲ.

ನನ್ನ ಪಾಲಿಗೆ ಬಂದವರು ದೇಶನೂರಿನ ನರ್ಸ್ ಸುಶೀಲಮ್ಮ. ದೇಶನೂರು, ಕರೂರು, ಹಚ್ಚೊಳ್ಳಿ ಮೂರಕ್ಕೂ ಅವರೊಬ್ಬರೇ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ನಾಲ್ಕು ವರ್ಷದ ಮಗಳು ಕುರುಗೋಡಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ಯಾವ ಹೊತ್ತಿಗೆ ಯಾವ ಊರಿನಿಂದ ಕರೆ ಬರುವುದೋ, ಮಗುವನ್ನು ಇಟ್ಟುಕೊಳ್ಳುವುದಾದರೂ ಹೇಗೆ? ಮೊದಲ ದಿನವೇ ಕಾಲುವೆಯ ಏರಿಯ ಮೇಲೆ ನಡೆಯುತ್ತ ಹೇಳಿದರು:

"ಎಲ್ಲಾ ಬರಕೋರಿ ತಮ್ಮಾ, ಒಂದೂ ಬಿಡಬ್ಯಾಡ್ರಿ. ನಾವು ಹೇಳಿದ್ರ ಯಾರು ಕೇಳ್ತಾರ? ಪರದೇಶದವರು ಹೇಳಿದ್ರ ಇನ್ನೊಬ್ಬಾಕಿ ನರ್ಸು ಬರ್ತಾಳ. ಆಮ್ಯಾಲೆ ನನ್ನ ಮಗಳ್ನ ಕರ್ಕೊಂಡ ಬಂದು ಇಲ್ಲೇ ಸಾಲಿಗೆ ಹಾಕ್ತೀನಿ."

"ಬರೀತೀನಕ್ಕಾ" ಎಂದೆ.

ಗದ್ದೆಯ ಬದುವಿನ ಮೇಲೆ ಅವರು ಚಪ್ಪಲಿ ಕೈಯಲ್ಲಿ ಹಿಡಿದು ಸರಸರನೆ ನಡೆಯುತ್ತಿದ್ದರು. ನಾನು ಎರಡು ಸಲ ಕೆಸರಿಗೆ ಜಾರಿದೆ. ಹಾಳೆ ಎತ್ತಿ ಹಿಡಿದಿದ್ದರಿಂದ ಅವು ಉಳಿದವು, ಪ್ಯಾಂಟು ಉಳಿಯಲಿಲ್ಲ. ಕರೂರಿನ ಮುದುಕಿಯೊಬ್ಬಳು, "ಏನ್ರಿ ಗಡಿಯಾರದ ಸಾಹೇಬ್ರ, ನಮ್ಮ ನರ್ಸಮ್ಮ ಉಸುರು ಬಿಟ್ಟದ್ದನ್ನೂ ಬರಕೊಂತೀರೇನು?" ಎಂದಳು. ಸುಶೀಲಮ್ಮ, "ಬಿಟ್ರ ಬರಕೊಂತಾರಬೇ, ಬಿಡಾಕ ಪುರುಸೊತ್ತೆಲ್ಲೈತಿ?" ಎಂದು ನಕ್ಕು ಮುಂದೆ ಹೋದರು.

ತೊಡಕು ಬಂದದ್ದು ಹೆರಿಗೆಯ ಮನೆಗಳಲ್ಲಿ. ಸುಶೀಲಮ್ಮ ಒಳಗೆ ಹೋದರೆ ಬಾಗಿಲು ಮುಚ್ಚುತ್ತಿತ್ತು. ಗಂಡಸು, ಅದರಲ್ಲೂ ಹೊರಗಿನವನು, ಹೊಸ್ತಿಲು ದಾಟುವಂತಿಲ್ಲ. ನಾನು ಕಟ್ಟೆಯ ಮೇಲೆ. ಹಾಳೆಯಲ್ಲಾದರೋ, ಕಣ್ಣಾರೆ ಕಂಡದ್ದನ್ನಷ್ಟೇ ಗುರುತಿಸಬೇಕೆಂದು ಅಚ್ಚಾಗಿತ್ತು. ಕಟ್ಟಕಡೆಗೆ 'ಕಾಣಲಿಲ್ಲ' ಎಂಬ ಅಂಕಣವೂ ಇತ್ತು. ಮೊದಲ ಹೆರಿಗೆಯ ದಿನ ಪ್ರಾಮಾಣಿಕನಾಗಿ ಅದರಲ್ಲೇ ಗುರುತು ಹಾಕಿದೆ. ದಿಲ್ಲಿಯ ಡಾಕ್ಟರರು ಹಾಳೆ ಹಿಂದಕ್ಕೆಸೆದರು. ಇಡೀ ದಿನ ಏನೂ ಕಾಣದಿದ್ದರೆ ನೀನು ಹೋದದ್ದೇಕೆ, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು.

ಮರುದಿನ ಕರೂರಿನ ಒಂದು ಮನೆಯಲ್ಲಿ ಬಾಗಿಲು ಚೂರು ತೆರೆದು, ಚಹಾದ ಲೋಟವೊಂದು ಒಳಗೆ ಹೋದದ್ದನ್ನು ಕಂಡೆ. ಕಂಡೆನಲ್ಲ! 'ವಿಶ್ರಾಂತಿ' ಎಂಬ ಅಂಕಣದಲ್ಲಿ ಗುರುತು ಹಾಕಿದೆ. ಹತ್ತು ನಿಮಿಷ ಕಳೆಯಿತು, ಬಾಗಿಲು ಮುಚ್ಚಿಯೇ ಇತ್ತು, ಮತ್ತೆ ವಿಶ್ರಾಂತಿ. ಒಳಗೆ ಹೆಂಗಸಿನ ಕೂಗು ಏರುತ್ತಿತ್ತು, ಸುಶೀಲಮ್ಮನ ಗದರಿಕೆಯೂ ಕೇಳುತ್ತಿತ್ತು. ನಾನು ವಿಶ್ರಾಂತಿ ಎಂದು ಬರೆಯುತ್ತ ಹೋದೆ. ನಾಲ್ಕು ಗಂಟೆ ಕಳೆದ ಮೇಲೆ ಅವರು ಹೊರಗೆ ಬಂದಾಗ ರವಿಕೆ ಬೆವರಿಗೆ ಅಂಟಿಕೊಂಡಿತ್ತು. ಕೈಯಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು.

"ಕೂಸಿನ ಕಾಲು ಮುಂದ ಬಂದಿತ್ತು ತಮ್ಮಾ. ಪುಣ್ಯಾ, ಇಬ್ರೂ ಉಳಿದ್ರು. ಬರಕೊಂಡ್ರಿಲ್ಲೋ?"

"ಬರಕೊಂಡೆನಕ್ಕಾ."

ತಿಂಗಳಿಡೀ ಹೀಗೇ ನಡೆಯಿತು. ನನ್ನ ಹಾಳೆಗಳಷ್ಟು ಅಚ್ಚುಕಟ್ಟಾದವು ತಾಲ್ಲೂಕಿನಲ್ಲೇ ಇಲ್ಲವೆಂದು ಅದೇ ಡಾಕ್ಟರರು ಬೆನ್ನು ತಟ್ಟಿದರು.

ಕೊನೆಗೆ ಸಿರುಗುಪ್ಪದ ಪ್ರವಾಸಿ ಮಂದಿರದಲ್ಲಿ ಹೊರದೇಶದ ಮೇಡಂ ನನ್ನೊಬ್ಬನನ್ನೇ ಒಳಗೆ ಕರೆದರು. ವಯಸ್ಸಾದ, ಮೆತ್ತನೆ ಮಾತಿನ ಹೆಂಗಸು. ಕರೂರಿನ ಹಾಳೆಯ ಮೇಲೆ ಬೆರಳಿಟ್ಟು, ನನಗೆ ತಿಳಿಯಲೆಂದು ನಿಧಾನವಾಗಿ ಕೇಳಿದರು: ಒಂದೇ ಮನೆಯಲ್ಲಿ ನಾಲ್ಕು ಗಂಟೆ ವಿಶ್ರಾಂತಿ, ಇದು ನಿಜವೇ? ತಪ್ಪಾಗಿದ್ದರೆ ಈಗಲೇ ಹೇಳು, ಮತ್ತೊಮ್ಮೆ ಮಾಡೋಣ, ಯಾರೂ ಬೈಯುವುದಿಲ್ಲ. ಕಿಟಕಿಯಾಚೆ ವರಾಂಡದಲ್ಲಿ ಸುಶೀಲಮ್ಮ ಮಡಿಕೆ ಮುರಿಯದ ಬಿಳಿ ಸೀರೆಯುಟ್ಟು ಕಾದು ಕುಳಿತಿದ್ದರು. ನನ್ನನ್ನು ಕಂಡು ಮುಗುಳ್ನಕ್ಕರು. ಮತ್ತೊಮ್ಮೆ ಎಂದರೆ ಮತ್ತೆ ಕೆಸರು. ಅದಕ್ಕಿಂತ ಹೆಚ್ಚಾಗಿ, ತಟ್ಟಿಸಿಕೊಂಡ ಬೆನ್ನು.

"ನಿಜ ಮೇಡಂ, ಅವರು ಚಹಾ ಕುಡಿಯುತ್ತಿದ್ದರು" ಎಂದೆ. ನನ್ನ ಬಾಯಿಂದ ತಪ್ಪಿಲ್ಲದೆ ಬಂದ ಮೊದಲ ಇಂಗ್ಲಿಷ್ ವಾಕ್ಯ ಅದೇ ಇರಬೇಕು.

ಮರುವರ್ಷ ಆದೇಶ ಬಂತು. ದೇಶನೂರಿನ ನರ್ಸಿಗೆ ಅರ್ಧ ಹೊತ್ತು ಕೆಲಸವೇ ಇಲ್ಲ. ಇನ್ನೊಂದು ಹುದ್ದೆ ಬೇಕಿಲ್ಲ. ಆ ಹೊತ್ತಿಗೆ ನಾನು, ಡಾಕ್ಟರರ ಶಿಫಾರಸಿನಿಂದ, ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ.

ಮೂರ್ನಾಲ್ಕು ವರ್ಷದ ಮೇಲೆ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಸುಶೀಲಮ್ಮ ಸಿಕ್ಕರು. ಪಕ್ಕದಲ್ಲಿ ಎರಡು ಜಡೆಯ ಹುಡುಗಿ. "ನರ್ಸಮ್ಮಾ, ಕುರುಗೋಡು ಬಸ್ಸು ಬಂತು" ಎಂದು ಅವರ ಸೆರಗು ಜಗ್ಗಿತು. ಯಾರ ಮಗುವೋ ಎಂದುಕೊಂಡೆ.

"ನನ್ನ ಮಗಳ್ರೀ" ಎಂದರು ಅವರು. "ಊರವರೆಲ್ಲ ಹಂಗ ಕರೀತಾರಲ್ಲ, ಈಕೀನೂ ಹಂಗ ಕರೀತಾಳ. ಅವ್ವ ಅಂದ್ರ ಈಕಿಗೆ ನಮ್ಮವ್ವ." ನಕ್ಕರು, ಆದರೆ ಆ ನಗು ಬೇಗ ಮುಗಿಯಿತು. "ನೀವು ಪಾಪ, ಅಷ್ಟು ಬಿಸಲಾಗ ತಿರುಗಿ ಬರದ್ರಿ. ಆ ಪರದೇಶದವರ ಕಣ್ಣಿಗೆ ಬೀಳಲಿಲ್ಲ ನೋಡ್ರಿ."

"ಹೌದಕ್ಕಾ, ಅವರು ಹಂಗ" ಎಂದೆ. ಮೊದಲ ಸುಳ್ಳಿಗೆ ಹೆದರಿಕೆಯ ನೆಪವಾದರೂ ಇತ್ತು.

ಅಂದಿನಿಂದ ಕುರುಗೋಡಿನ ಬಸ್ಸು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದವನು, ಆ ಸಕ್ಕರೆ ಪರೀಕ್ಷೆಯಾದ ವಾರಕ್ಕೆ ಅದನ್ನೇ ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ; ನಿವೃತ್ತ ನರ್ಸಮ್ಮ ಎಂದರೆ ಎಲ್ಲರಿಗೂ ಗೊತ್ತು. ಬಾಗಿಲು ತೆರೆದವಳು ಐವತ್ತು ದಾಟಿದ ಮಗಳು. ಆಕೆ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದಾಗ ಎಲ್ಲವನ್ನೂ ಸುಶೀಲಮ್ಮನಿಗೆ ಹೇಳಿದೆ. ಕೈ ಮುಗಿದೆ.

"ನನಗ್ಯಾಕ ಹೇಳ್ತೀರಿ?" ಎಂದರು ಅವರು. "ಒಳಗ ನಾ ಏನ್ ಮಾಡ್ತಿದ್ದೆ ಅಂತ ನನಗ ಗೊತ್ತಿತ್ತು. ಗೊತ್ತಿಲ್ಲದಾಕಿ ನನ್ನ ಮಗಳು. ನೌಕರಿ ಆಸೀಗೆ ನಾ ಅಕೀನ್ನ ಬಿಟ್ಟು ಹೋದೆ ಅಂತ ಇವತ್ತಿಗೂ ಅಕಿ ಮನಸಿನ್ಯಾಗ ಐತಿ. ಅಕಿ ಮುಂದ ಹೇಳ್ರಿ." ಹಿತ್ತಿಲ ಕಡೆ ತಿರುಗಿ ಕೂಗಿದರು: "ಏ ಲಲಿತಾ, ಇಲ್ಲಿ ಬಾ. ಇವರು ನಿನ್ನ ಜೋಡಿ ಏನೋ ಮಾತಾಡ್ಬೇಕಂತ."

ಲಲಿತಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕುಳಿತಳು. "ಏನ್ರೀ?" ಎಂದಳು.

ಈ ಸಲ ಸುಳ್ಳಿಗೆ ಜಾಗವಿರಲಿಲ್ಲ.

"ನಿಮ್ಮವ್ವ ನಿನ್ನ ಬಿಟ್ಟು ಹೋಗಿದ್ದಿಲ್ಲ ತಂಗೀ" ಎಂದೆ. "ಬಿಡಿಸಿದಂವ ನಾನು."